ಹೆಸರು ಇಟ್ಟಿಗೆ, ಮಳೆ ಬಂದ್ರೆ ಕೆಸರು: ಕೆಂಪು ಮಣ್ಣಿನ ರಸ್ತೆಯ ಕಥೆ

ನೀವು ಕರಾವಳಿ ಕಡೆಯವರಾದ್ರೆ ಇವತ್ತಿನ ನಮ್ಮ ಹೀರೋ ನಿಮ್ಮ ಕಾಂಪೌಂಡ್ ಗೋಡೆಯಲ್ಲೇ ಇದ್ದಾನೆ. ಮುರಕಲ್ಲು, ಜಂಬಿಟ್ಟಿಗೆ, ಚಿರೇಕಲ್ಲು, ಹೀಗೆ ಊರಿಗೊಂದು ಹೆಸರು. ಇಂಗ್ಲಿಷ್‌ನಲ್ಲಿ ಲ್ಯಾಟರೈಟ್. ಆ ಹೆಸರು ಹುಟ್ಟಿದ್ದೂ ನಮ್ಮ ಪಕ್ಕದಲ್ಲೇ.

1799ರಲ್ಲಿ ಟಿಪ್ಪು ಮಡಿದ, ಶ್ರೀರಂಗಪಟ್ಟಣ ಕಂಪನಿ ಪಾಲಾಯ್ತು. ಗೆದ್ದ ಸೀಮೆಯಲ್ಲಿ ಏನೇನಿದೆ ಅಂತ ನೋಡಿಕೊಂಡು ಬರೋಕೆ ಗವರ್ನರ್ ಜನರಲ್ ವೆಲ್ಲೆಸ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯರನ್ನ ಕಳಿಸಿದ. ಬಿಕಾಂ ಭಾಷೆಯಲ್ಲಿ ಹೇಳೋದಾದ್ರೆ ಸ್ಟಾಕ್ ಟೇಕಿಂಗ್. ಬುಕಾನನ್ ಮೈಸೂರು ಸುತ್ತಿ ಮಲಬಾರಿಗೆ ಇಳಿದ. ಅಲ್ಲಿನ ಅಂಗಾಡಿಪುರಂನಲ್ಲಿ ಜನ ನೆಲದಡಿಯ ಮೆತ್ತನೆ ಕಲ್ಲನ್ನ ಗುದ್ದಲಿಯಲ್ಲಿ ಅಗೆದು ಚೌಕವಾಗಿ ಕತ್ತರಿಸ್ತಿದ್ರು. ಗಾಳಿಗೆ ಇಟ್ಟರೆ ಅದು ಇಟ್ಟಿಗೆ ಥರ ಗಟ್ಟಿ. ಲ್ಯಾಟಿನ್‌ನಲ್ಲಿ ಇಟ್ಟಿಗೆಗೆ 'ಲೇಟರ್' ಅಂತಾರೆ. 1807ರಲ್ಲಿ ಅಚ್ಚಾದ ಪ್ರವಾಸ ಕಥನದಲ್ಲಿ ಅವನು ಕೊಟ್ಟ ಹೆಸರು ಲ್ಯಾಟರೈಟ್.

ರಸ್ತೆ ಹಾಕೋರಿಗೆ ಈ ಹೆಸರೇ ಮೋಸ. ಕಲ್ಲಿನೊಳಗೆ ಕಬ್ಬಿಣದ ಆಕ್ಸೈಡ್ ಎಲ್ಲವನ್ನೂ ಹಿಡಿದು ನಿಲ್ಲಿಸಿರತ್ತೆ. ಅದೇ ಜಾತಿಯ ಮಣ್ಣನ್ನ ಜೆಸಿಬಿಯಲ್ಲಿ ಅಗೆದು ಹರಡಿದ್ರೆ ಆ ಹಿಡಿತ ಹೋಯ್ತು. ಉಳಿಯೋದು ಕಾಯೋಲಿನೈಟ್ ಅನ್ನೋ ಜೇಡಿ ಜಾಸ್ತಿ ಇರೋ ಮಣ್ಣು. ರೋಲರ್ ಓಡಿಸಿದ್ರೆ ಬೇಸಿಗೆಯಲ್ಲಿ ಚೆನ್ನಾಗೇ ಕಾಣತ್ತೆ. ಜೂನ್ ಬರಲಿ, ಬಸ್ ಚಕ್ರ ಅರ್ಧ ಒಳಗೆ.

ಹಾಗಂತ ದೂರದಿಂದ ಜಲ್ಲಿ ತರಿಸಿದ್ರೆ ಲಾರಿ ಬಾಡಿಗೆಯೇ ಬಜೆಟ್ ನುಂಗತ್ತೆ. ಹಾಗಾದ್ರೆ ಇದ್ದ ಮಣ್ಣನ್ನೇ ಗಟ್ಟಿ ಮಾಡಬಹುದಾ? 1935ರಲ್ಲಿ ಅಮೆರಿಕದ ಸೌತ್ ಕೆರೊಲಿನಾದ ಜಾನ್ಸನ್‌ವಿಲ್ ಹತ್ರ ಮಣ್ಣಿಗೆ ಸಿಮೆಂಟ್ ಬೆರೆಸಿ ರಸ್ತೆ ಮಾಡಿ ನೋಡಿದ್ರು, ನಿಂತಿತು. ಮುಂದಿನ ದಶಕಗಳಲ್ಲಿ ಇದೇ ವಿದ್ಯೆ ನೈಜೀರಿಯಾ, ಘಾನಾದ ಕೆಂಪು ಮಣ್ಣಿಗೂ ಬಂತು.

ಸಿಮೆಂಟ್ ನೀರು ಕುಡಿದು ತಾನೇ ಗಟ್ಟಿಯಾಗತ್ತೆ, ಅದಕ್ಕೇ ಬೆರೆಸಿದ ಎರಡು ಗಂಟೆಯೊಳಗೆ ರೋಲರ್ ಕೆಲಸ ಮುಗಿಸಬೇಕು. ಸುಣ್ಣದ್ದು ನಿಧಾನದ ಆಟ. ಮೊದಲು ಅದರ ಕ್ಯಾಲ್ಸಿಯಂ ಜೇಡಿಯ ಅಂಟನ್ನ ಮುರಿದು ಮಣ್ಣನ್ನ ಉದುರುದುರು ಮಾಡತ್ತೆ. ಆಮೇಲೆ ಸುಣ್ಣದ ಕ್ಷಾರಕ್ಕೆ ಜೇಡಿಯಲ್ಲಿರೋ ಸಿಲಿಕಾ, ಅಲ್ಯುಮಿನಾ ಕರಗಿ ಹೊಸ ಬಂಧ ಕಟ್ಟತ್ತೆ. ಇದಕ್ಕೆ ವಾರಗಳು, ತಿಂಗಳುಗಳೇ ಬೇಕು.

ನನಗೆ ತುಂಬಾ ಹಿಡಿಸಿದ್ದು ಲ್ಯಾಬ್ ಕಥೆ. ಮಣ್ಣಿನ ಪರೀಕ್ಷೆಯ ನಿಯಮ ಬರೆದದ್ದು ಯೂರೋಪ್, ಅಮೆರಿಕದ ಮಣ್ಣು ನೋಡಿದವರು. ಪರೀಕ್ಷೆಗೆ ಮೊದಲು ಮಣ್ಣನ್ನ ಓವನ್‌ನಲ್ಲಿ ಒಣಗಿಸ್ತಿದ್ರು. ನಮ್ಮ ಕೆಂಪು ಮಣ್ಣಿಗೆ ಅಷ್ಟು ಬಿಸಿ ತಾಗಿದ್ರೆ ಜೇಡಿ ಕಣಗಳು ಗಂಟುಕಟ್ಟಿ ಮರಳಿನ ಥರ ಆಗ್ತವೆ, ನೀರು ಹಾಕಿದ್ರೂ ಪೂರ್ತಿ ಮೊದಲಿನಂತೆ ಬಿಡಲ್ಲ. ರಿಪೋರ್ಟಲ್ಲಿ 'ಜೇಡಿ ಕಮ್ಮಿ, ಒಳ್ಳೆ ಮಣ್ಣು', ಸೈಟಲ್ಲಿ ಕೆಸರು. ಉಲ್ಟಾನೂ ಆಗ್ತಿತ್ತು: ನಿಯಮದ ಪ್ರಕಾರ ಫೇಲಾದ ಮಣ್ಣು ರಸ್ತೆಯಲ್ಲಿ ಚೆನ್ನಾಗಿ ಬಾಳ್ತಿತ್ತು. ಘಾನಾದ ಕುಮಾಸಿಯಲ್ಲಿರೋ ರಸ್ತೆ ಸಂಶೋಧನಾ ಸಂಸ್ಥೆಯ ಎಂಜಿನಿಯರ್ ಗಿಡಿಗಾಸು 1976ರಲ್ಲಿ ಈ ಮಣ್ಣಿನ ಮೇಲೇ ಇಡೀ ಪುಸ್ತಕ ಬರೆದ್ರು. ಉಷ್ಣವಲಯದ ಮಣ್ಣನ್ನ ಅದರ ಸ್ವಭಾವ ನೋಡಿಯೇ ಅಳೀಬೇಕು ಅನ್ನೋ ವಾದಕ್ಕೆ ಅದರಿಂದ ದೊಡ್ಡ ಬಲ ಬಂತು.

ನಮ್ಮಲ್ಲೂ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2010ರಲ್ಲಿ ಸಿಮೆಂಟ್, ಸುಣ್ಣ, ಹಾರುಬೂದಿಯಿಂದ ಮಣ್ಣು ಗಟ್ಟಿ ಮಾಡೋ ಮಾರ್ಗಸೂಚಿ ತಂದಿದೆ. ನಿಮ್ಮೂರಲ್ಲಿ ಇಂಥ ರಸ್ತೆ ಹಾಕ್ತಿದ್ರೆ ಒಂದನ್ನ ಗಮನಿಸಿ: ರೋಲರ್ ಹೋದಮೇಲೂ ದಿನಗಟ್ಟಲೆ ಅದನ್ನ ಹಸಿಯಾಗಿ ಇಡ್ತಿದ್ದಾರಾ? ಇಲ್ಲಾಂದ್ರೆ ಕೇಳಿ, ಹಾಕಿದ ಸಿಮೆಂಟ್ ನಿಮ್ಮ ದುಡ್ಡಿಂದೇ.