ಪತ್ರಿಕಾಕರ್ತರೂ ಕವಿಗಳೂ ಆದ ಡಿ. ವಿ. ಗುಂಡಪ್ಪನವರು

ಲೋಕವ್ಯವಹಾರಕ್ಕೂ ಕಾವ್ಯರಚನೆಗೂ ಸಹಜವೈರವುಂಟೆಂದು ನಂಬಿದವರು ನಮ್ಮಲ್ಲಿ ಅನೇಕರಿದ್ದಾರೆ. ಪತ್ರಿಕೆಯು ಇಂದಿನ ಮಾತನ್ನಾಡುವುದು. ಕಾವ್ಯವಾದರೋ ಎಂದೆಂದಿಗೂ ಸಲ್ಲುವ ಮಾತನ್ನಾಡತಕ್ಕದ್ದು. ಒಂದೇ ಲೇಖನಿಯು ಇವೆರಡಕ್ಕೂ ಒದಗುವುದು ಹೇಗೆ? ಈ ಶಂಕೆಗೆ ಶ್ರೀಮಾನ್ ಡಿ. ವಿ. ಗುಂಡಪ್ಪನವರ ಜೀವಿತವೇ ತಕ್ಕ ಸಮಾಧಾನವೆಂದು ನನ್ನ ಭಾವನೆ.

ಗುಂಡಪ್ಪನವರು 1887ನೆಯ ಮಾರ್ಚ್ 17ರಂದು ಕೋಲಾರ ಪ್ರಾಂತದ ಮುಳಬಾಗಿಲಿನಲ್ಲಿ ಜನಿಸಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆ ಅವರಿಗೆ ಕೈಗೂಡಲಿಲ್ಲ. ಜೀವನೋಪಾಯಕ್ಕಾಗಿ ಸಣ್ಣಪುಟ್ಟ ಕೆಲಸಗಳನ್ನರಸಿ, ಕಡೆಗೆ ಬೆಂಗಳೂರಿನಲ್ಲಿ ಪತ್ರಿಕಾವೃತ್ತಿಯನ್ನು ಹಿಡಿದರು. ಸಂಸ್ಕೃತವನ್ನೂ ವೇದಾಂತವನ್ನೂ ವಿದ್ವಾಂಸರ ಬಳಿ ಶ್ರಮಪಟ್ಟು ಕಲಿತರು. ಬಹುಕಾಲ ಹುಡುಗರ ಉತ್ತರಪತ್ರಗಳಿಗೆ ಅಂಕವನ್ನಿಟ್ಟ ನನ್ನಂತಹ ಉಪಾಧ್ಯಾಯನಿಗೆ ಈ ಸಂಗತಿಯನ್ನು ನೆನೆದಾಗಲೆಲ್ಲ ಕೊಂಚ ನಾಚಿಕೆಯಾಗುತ್ತದೆ. ನಾವು ಅಳೆದದ್ದು ಜ್ಞಾಪಕಶಕ್ತಿಯನ್ನೇ ಹೊರತು ಜಿಜ್ಞಾಸೆಯನ್ನಲ್ಲ.

ಅವರು ಈ ವೃತ್ತಿಗಿಳಿದ ಕಾಲ ಸುಗಮವಾದುದಾಗಿರಲಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನವು ವೃತ್ತಪತ್ರಿಕೆಗಳ ಕಾನೂನನ್ನು ವಿಧಿಸಿತು. ಸರ್ಕಾರದ ಅಪ್ಪಣೆಯಿಲ್ಲದೆ ಪತ್ರಿಕೆಯನ್ನು ನಡೆಸುವಂತಿರಲಿಲ್ಲ. ‘ತಾತಯ್ಯ’ನವರೆಂದು ಪ್ರಸಿದ್ಧರಾದ ಎಂ. ವೆಂಕಟಕೃಷ್ಣಯ್ಯನವರು ಇದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಇಂತಹ ಸನ್ನಿವೇಶದಲ್ಲಿ, 1913ರಲ್ಲಿ, ಗುಂಡಪ್ಪನವರು ‘ಕರ್ಣಾಟಕ’ವೆಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದರು. ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅವರಲ್ಲಿ ಗುಂಡಪ್ಪನವರಿಗೆ ಅತ್ಯಂತ ಗೌರವವಿತ್ತು. ಆದರೂ ಅವರ ಆಡಳಿತವನ್ನು ವಿಮರ್ಶಿಸಬೇಕಾದಲ್ಲಿ ಲೇಖನಿ ಹಿಂಜರಿಯಲಿಲ್ಲ. ಸ್ನೇಹವನ್ನು ಕಾಯ್ದುಕೊಂಡು ಸತ್ಯವನ್ನು ನುಡಿಯುವುದು ಶತ್ರುವಿನ ಮುಂದೆ ಸತ್ಯವನ್ನು ನುಡಿಯುವುದಕ್ಕಿಂತ ಕಷ್ಟವಾದುದೆಂಬುದನ್ನು ಅನುಭವಿಗಳು ಬಲ್ಲರು.

ಇನ್ನು ಕವಿತ್ವದ ಮಾತು. ‘ವಸಂತಕುಸುಮಾಂಜಲಿ’ಯಿಂದ ಮೊದಲಾದ ಆ ಕೃಷಿ ಅನುವಾದದಲ್ಲಿ ಹದಗೊಂಡಿತು. ಪಾರಸೀಕ ಕವಿ ಉಮರ್ ಖಯ್ಯಾಮನ ಚೌಪದಗಳನ್ನು ಫಿಟ್ಸ್‌ಜೆರಾಲ್ಡನ ಇಂಗ್ಲಿಷಿನ ಮೂಲಕ ಕಂಡು, ‘ಉಮರನ ಒಸಗೆ’ಯನ್ನು ರಚಿಸಿದರು; ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನೂ ಕನ್ನಡಕ್ಕೆ ತಂದರು. 1943ರಲ್ಲಿ ‘ಮಂಕುತಿಮ್ಮನ ಕಗ್ಗ’ ಹೊರಬಂತು. ಅಲ್ಲಿಯೂ ನಾಲ್ಕೇ ಪಾದಗಳ ಪದ್ಯ. ಬಾಳಿನ ಅಸ್ಥಿರತೆಯನ್ನು ಕುರಿತ ಅದೇ ಪ್ರಶ್ನೆ. ಆದರೆ ಉಮರನು ಮಧುಪಾತ್ರೆಯಲ್ಲಿ ಮರೆಯಹೊರಟ ದುಃಖವನ್ನು ತಿಮ್ಮಗುರುವು ವಿಚಾರದಿಂದಲೂ ಕರ್ತವ್ಯದಿಂದಲೂ ಗೆಲ್ಲಹೊರಟನು. ಪರಭಾಷೆಯ ಕವಿಯೊಡನೆ ವರ್ಷಗಟ್ಟಲೆ ಸಂವಾದ ನಡೆಸಿದವನಿಗೆ ತನ್ನದೇ ಉತ್ತರ ದೊರೆತ ಬಗೆಯಿದೆಂದು ನನಗೆ ತೋರುತ್ತದೆ.

1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆಯನ್ನು ಸ್ಥಾಪಿಸಿದರು. 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ 1974ರಲ್ಲಿ ಪದ್ಮಭೂಷಣವೂ ಬಂದವು. 1970ರ ಸನ್ಮಾನದಲ್ಲಿ ಅರ್ಪಿತವಾದ ನಿಧಿಯನ್ನು ತಮಗಾಗಿ ಇಟ್ಟುಕೊಳ್ಳದೆ ಸಂಸ್ಥೆಗೇ ಒಪ್ಪಿಸಿದರು. 1975ನೆಯ ಅಕ್ಟೋಬರ್ 7ರಂದು ಕಾಲವಶರಾದರು.

ಕಗ್ಗದ ಪದ್ಯಗಳನ್ನು ಬಾಯಿಪಾಠ ಮಾಡಿದ ಮನೆಗಳು ನಾಡಿನಲ್ಲಿ ಬೇಕಾದಷ್ಟಿವೆ; ಅದು ಸಂತೋಷದ ಸಂಗತಿ. ಆದರೆ ಆ ಪದ್ಯಗಳ ಹಿಂದೆ ಅಧಿಕಾರಕ್ಕೆ ಅಂಜದ, ಹಣಕ್ಕೆ ಮಣಿಯದ ಪತ್ರಿಕಾಕರ್ತನೊಬ್ಬನಿದ್ದನೆಂಬುದನ್ನು ಮರೆತರೆ ನಾವು ಉಚ್ಚರಿಸುವುದು ಶಬ್ದಮಾತ್ರವನ್ನು. ನಡೆದು ತೋರಿದವರ ನುಡಿಯಾದ್ದರಿಂದಲೇ ಅದಕ್ಕೆ ಬೆಲೆ. ವಾಚಕರು ಮಕ್ಕಳಿಗೆ ಪದ್ಯವನ್ನು ಕಲಿಸುವಾಗ ಈ ಬಾಳಿನ ಕಥೆಯನ್ನೂ ಜೊತೆಗೆ ಹೇಳುವರೆಂದು ಹಾರೈಸುತ್ತೇನೆ.