ಪ್ರಾರ್ಥನೆಯ ಹೊತ್ತಿನಲ್ಲಿ ಹೊರಗೆ ಕುಳಿತ ಮಗು

ಇಂಗ್ಲೆಂಡಿನ ಚರ್ಚ್ ಶಾಲೆಗಳ ಕಥೆಯನ್ನು ನಮ್ಮ ಪಕ್ಕದ ಮದ್ರಾಸಿನಿಂದ ಆರಂಭಿಸಬೇಕಾಗುತ್ತದೆ. 1789ರಲ್ಲಿ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡ್ ಮೂಲದ ಪಾದ್ರಿ ಎಗ್ಮೋರಿನಲ್ಲಿದ್ದ ಗಂಡುಮಕ್ಕಳ ಅನಾಥಾಲಯದ ಮೇಲ್ವಿಚಾರಕರಾದರು. ಒಂದು ದಿನ ಕುದುರೆಯೇರಿ ಹೋಗುತ್ತಿದ್ದಾಗ ಅಲ್ಲಿನ ದೇಶೀ ಶಾಲೆಯೊಂದರ ಮಕ್ಕಳು ನೆಲದ ಮೇಲೆ ಮರಳು ಹರಡಿಕೊಂಡು ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡರು. ನಮ್ಮ ಐಗಳ ಮಠಗಳಲ್ಲಿ ಅಜ್ಜಂದಿರು ಕಲಿತದ್ದೂ ಹೀಗೆಯೇ. ಬೆಲ್ ಇದನ್ನು ತಮ್ಮ ಶಾಲೆಗೆ ತಂದರು, ಬಲ್ಲ ಹುಡುಗರಿಂದ ಬಾರದವರಿಗೆ ಪಾಠ ಹೇಳಿಸಿದರು. ಊರಿಗೆ ಮರಳಿ 1797ರಲ್ಲಿ ಅದರ ವಿವರ ಅಚ್ಚು ಹಾಕಿಸಿದರು. ಒಬ್ಬನೇ ಉಪಾಧ್ಯಾಯ ನೂರಾರು ಮಕ್ಕಳನ್ನು ನಿಭಾಯಿಸಬಲ್ಲ ಈ 'ಮದ್ರಾಸ್ ಪದ್ಧತಿ' ಅಗ್ಗದ್ದಾಗಿತ್ತು. ಬಡವರ ಮಕ್ಕಳಿಗಾಗಿ 1811ರಲ್ಲಿ ಹುಟ್ಟಿದ, ಇಂಗ್ಲೆಂಡಿನ ಚರ್ಚಿನ ನ್ಯಾಷನಲ್ ಸೊಸೈಟಿ ತನ್ನ ಶಾಲೆಗಳಲ್ಲಿ ಇದನ್ನೇ ಅಳವಡಿಸಿತು.

ಪದ್ಧತಿ ಮದ್ರಾಸಿನದು, ಧರ್ಮಬೋಧೆ ಮಾತ್ರ ಚರ್ಚಿನದು. ಓದು ಬರಹದ ಜೊತೆಗೆ ಪ್ರಶ್ನೋತ್ತರ ರೂಪದ ಕ್ರೈಸ್ತ ಬೋಧೆಯನ್ನೂ ಕಂಠಪಾಠ ಮಾಡಬೇಕು, ಭಾನುವಾರ ಚರ್ಚಿಗೂ ಹೋಗಬೇಕು. ಆದರೆ ಅನೇಕ ಹಳ್ಳಿಗಳಲ್ಲಿ ಇದ್ದುದು ಅದೊಂದೇ ಶಾಲೆ. ಬ್ಯಾಪ್ಟಿಸ್ಟರ, ಮೆಥಡಿಸ್ಟರ ಮಕ್ಕಳು ಎಲ್ಲಿಗೆ ಹೋಗಬೇಕು? 'ನಮ್ಮ ಮಗು ಆ ಪ್ರಾರ್ಥನೆಯಲ್ಲಿ ಕೂರಬೇಕೆ?' ಎಂಬ ಪ್ರಶ್ನೆಯನ್ನು ವಲಸೆ ಬಂದ ಮುಸ್ಲಿಮರು ಎತ್ತಿದ್ದೆಂದು ಭಾವಿಸುವವರಿದ್ದಾರೆ. ಅವರಿಗಿಂತ ನೂರು ವರ್ಷ ಮೊದಲೇ ಕ್ರೈಸ್ತರೇ ಕ್ರೈಸ್ತರಿಗೆ ಈ ಪ್ರಶ್ನೆ ಹಾಕಿದ್ದರು ಎಂಬುದನ್ನು ಓದುಗರು ಗಮನಿಸಬೇಕು.

1833ರಲ್ಲಿ ಸರ್ಕಾರ ಮೊದಲ ಬಾರಿಗೆ 20,000 ಪೌಂಡ್ ನೆರವು ಕೊಟ್ಟಿತು. ಸಾರ್ವಜನಿಕ ಹಣ ಬಂದ ಮೇಲೆ ಪ್ರಶ್ನೆ ಇನ್ನಷ್ಟು ಹರಿತವಾಯಿತು. 1870ರ ಶಿಕ್ಷಣ ಕಾಯ್ದೆ ಒಂದು ದಾರಿ ಹುಡುಕಿತು. ನೆರವು ಪಡೆಯುವ ಯಾವ ಶಾಲೆಯಲ್ಲೇ ಆಗಲಿ, ಪ್ರಾರ್ಥನೆಯಿಂದಲೂ ಧರ್ಮಬೋಧೆಯಿಂದಲೂ ಮಗುವನ್ನು ದೂರವಿಡುವ ಹಕ್ಕು ತಂದೆತಾಯಿಗೆ ಸಿಕ್ಕಿತು. ಅಷ್ಟೇ ಅಲ್ಲ, ಪ್ರಾರ್ಥನೆ ಶಾಲಾ ಅವಧಿಯ ಮೊದಲಲ್ಲೋ ಕೊನೆಯಲ್ಲೋ ಮಾತ್ರ ನಡೆಯಬೇಕು, ಹೊರಗುಳಿದ ಮಗುವಿಗೆ ಬೇರೆ ಪಾಠ ತಪ್ಪಬಾರದು ಎಂಬ ನಿಯಮವೂ ಬಂತು. ಆ ಕಾಯ್ದೆಯಲ್ಲಿ ನಮಗೆ ಅತ್ಯಂತ ಮಾನವೀಯವಾಗಿ ಕಾಣುವುದು ಈ ಸಣ್ಣ ನಿಯಮವೇ.

ಜಗಳ ಅಲ್ಲಿಗೆ ಮುಗಿಯಲಿಲ್ಲ. 1902ರ ಕಾಯ್ದೆ ಚರ್ಚ್ ಶಾಲೆಗಳಿಗೆ ಸ್ಥಳೀಯ ತೆರಿಗೆಯ ಹಣ ಒದಗಿಸಿದಾಗ, ಪಂಥ ಬೇರೆಯಾದ ಕ್ರೈಸ್ತರು ತೆರಿಗೆ ಕಟ್ಟದೆ ಪ್ರತಿಭಟಿಸಿದರು, ಕೆಲವರು ಜೈಲಿಗೂ ಹೋದರು. ದಕ್ಷಿಣ ಆಫ್ರಿಕಾದ ಸತ್ಯಾಗ್ರಹದ ಬಗ್ಗೆ ಬರೆಯುವಾಗ ಗಾಂಧೀಜಿ ಈ ಚಳವಳಿಯನ್ನು ಹೆಸರಿಸಿದ್ದಾರೆ.

ಯುದ್ಧಕಾಲದ 1944ರ ಕಾಯ್ದೆಯ ಹಿಂದೆ ಒಂದು ಒಪ್ಪಂದವಿತ್ತು. ಚರ್ಚ್ ಶಾಲೆಗಳ ಕಟ್ಟಡಗಳು ಹಳತಾಗಿದ್ದವು, ದುರಸ್ತಿಗೆ ಹಣವಿರಲಿಲ್ಲ. ಶಿಕ್ಷಣ ಮಂತ್ರಿ ಬಟ್ಲರ್ ಮತ್ತು ಆರ್ಚ್‌ಬಿಷಪ್ ವಿಲಿಯಂ ಟೆಂಪಲ್ ಮಾತುಕತೆ ನಡೆಸಿ ಆ ಶಾಲೆಗಳನ್ನು ಸರ್ಕಾರಿ ವ್ಯವಸ್ಥೆಯೊಳಗೆ ಉಳಿಸಿಕೊಂಡರು. ಜೊತೆಗೆ ಚರ್ಚಿನದಿರಲಿ ಸರ್ಕಾರದ್ದಿರಲಿ, ಪ್ರತಿ ಶಾಲೆಯ ದಿನವೂ ಸಾಮೂಹಿಕ ಆರಾಧನೆಯಿಂದ ಆರಂಭವಾಗಬೇಕೆಂದು ಮೊದಲ ಬಾರಿಗೆ ಕಾನೂನಾಯಿತು. 1988ರಲ್ಲಿ ಸರ್ಕಾರಿ ಶಾಲೆಗಳ ಆರಾಧನೆ ಬಹುಮಟ್ಟಿಗೆ ಕ್ರೈಸ್ತ ಸ್ವರೂಪದ್ದಾಗಿರಬೇಕು ಎಂದು ಸೇರಿಸಿದರು. ಮುಸ್ಲಿಂ ಮಕ್ಕಳು ಹೆಚ್ಚಿರುವ ಸರ್ಕಾರಿ ಶಾಲೆಗಳು ಇದರಿಂದ ವಿನಾಯಿತಿ ಕೇಳಬಹುದು. ಚರ್ಚ್ ಶಾಲೆಗಳಿಗೆ ಆ ದಾರಿಯಿಲ್ಲ, ಅವು ತಮ್ಮ ಸ್ಥಾಪನಾ ಪತ್ರದಂತೆಯೇ ನಡೆಯಬೇಕು.

1994ರ ಸರ್ಕಾರಿ ಸುತ್ತೋಲೆಯೊಂದು ಇಲ್ಲೊಂದು ಸೂಕ್ಷ್ಮ ವ್ಯತ್ಯಾಸ ತೋರಿಸಿತು. ಒಂದೇ ನಂಬಿಕೆಯವರು ಕೂಡಿ ಮಾಡುವ ಆರಾಧನೆ ಬೇರೆ, ಶಾಲೆಯ 'ಸಾಮೂಹಿಕ' ಆರಾಧನೆ ಬೇರೆ. ಶಾಲೆಯಲ್ಲಿ ಸೇರಿದವರದು ಒಂದೇ ನಂಬಿಕೆಯಲ್ಲ. ಮಗು ಮನಸ್ಸಿನಿಂದ ಪಾಲ್ಗೊಳ್ಳದೆಯೂ ಅಲ್ಲಿ ಕುಳಿತಿರಬಹುದು. ಕಾಗದದ ಮೇಲೆ ಇದು ಚೆನ್ನಾಗಿದೆ. ಐದು ವರ್ಷದ ಮಗುವಿಗೆ ಇದನ್ನು ಬಿಡಿಸಿ ಹೇಳುವವರು ಯಾರು?

ಇಂಗ್ಲೆಂಡಿನಲ್ಲಿ ಈಗ ಚರ್ಚಿನ ಶಾಲೆಗಳು ಸುಮಾರು 4,600, ಮಕ್ಕಳು ಸುಮಾರು 10 ಲಕ್ಷ. ಪ್ರಾಥಮಿಕ ಶಾಲೆಗಳಲ್ಲಿ ನಾಲ್ಕರಲ್ಲೊಂದು ಚರ್ಚಿನದು. ಅಲ್ಲಿನ ಬೆಳಗು ಸಾಮಾನ್ಯವಾಗಿ ಹೀಗಿರುತ್ತದೆ: ಮಕ್ಕಳು ಹಾಲ್‌ನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಚರ್ಚಿನ ಋತುವಿಗೆ ತಕ್ಕ ಬಣ್ಣದ ಬಟ್ಟೆ ಹಾಸಿದ ಮೇಜಿನ ಮೇಲೆ ಮೋಂಬತ್ತಿ ಉರಿಯುತ್ತದೆ. ಶಿಕ್ಷಕಿ ನಿಮಗೆ ಶಾಂತಿ ಇರಲಿ ಎನ್ನುತ್ತಾರೆ, ಮಕ್ಕಳು ನಿಮಗೂ ಇರಲಿ ಎನ್ನುತ್ತಾರೆ. ನಮ್ಮ ಸಲಾಮಿನ ಅರ್ಥವೂ ಇದೇ. ಒಂದು ಕಥೆ, ಒಂದು ಹಾಡು, ಒಂದೆರಡು ನಿಮಿಷದ ಮೌನ, ಕೊನೆಗೆ ಪ್ರಾರ್ಥನೆ.

1950, 60ರ ದಶಕಗಳಲ್ಲಿ ಲಂಕಾಷೈರ್, ಯಾರ್ಕ್‌ಷೈರ್ ಗಿರಣಿಗಳಿಗೆ ಮೀರ್‌ಪುರದಿಂದ, ಗುಜರಾತಿನಿಂದ ದುಡಿಯಲು ಹೋದವರ ಮೊಮ್ಮಕ್ಕಳು ಇಂದು ಈ ಹಾಲ್‌ಗಳಲ್ಲಿದ್ದಾರೆ. ಕೆಲವು ಚರ್ಚ್ ಶಾಲೆಗಳಲ್ಲಿ ಬಹುಪಾಲು ಮಕ್ಕಳು ಮುಸ್ಲಿಮರೇ. ಶಾಲೆ ಮನೆಗೆ ಹತ್ತಿರವಿರುವುದು ಒಂದು ಕಾರಣ. ದೇವರ ಹೆಸರೇ ಎತ್ತದ ಶಾಲೆಗಿಂತ ದೇವರನ್ನು ನೆನೆಯುವ ಶಾಲೆ ವಾಸಿ ಎಂದುಕೊಳ್ಳುವ ಪೋಷಕರೂ ಅಲ್ಲಿದ್ದಾರೆ. 1998ರಲ್ಲಿ ಸರ್ಕಾರಿ ಅನುದಾನ ಪಡೆದ ಮೊದಲ ಮುಸ್ಲಿಂ ಶಾಲೆಗಳು ಬಂದವಾದರೂ ಅವು ಬೆರಳೆಣಿಕೆಯವು.

ತೊಡಕು ಎಲ್ಲಿ ಬರುತ್ತದೆ? ಸುಳ್ಳಾಡಬಾರದು, ಹಸಿದವನಿಗೆ ಅನ್ನ ಕೊಡಬೇಕು ಎಂಬ ಕಥೆಯಲ್ಲಿ ತೊಡಕಿಲ್ಲ. ದೇವರನ್ನು 'ತಂದೆ' ಎಂದು ಕರೆಯುವ ಪ್ರಾರ್ಥನೆ ಬಂದಾಗ ಮುಸ್ಲಿಂ ಮಗುವಿನ ನಾಲಿಗೆ ತಡೆಯುತ್ತದೆ. ಅಲ್ಲಾಹನು ಯಾರನ್ನೂ ಹೆತ್ತವನಲ್ಲ ಎಂದು ಅದೇ ಸಂಜೆ ಮದ್ರಸದಲ್ಲಿ ಅದು ಕಲಿಯುತ್ತದೆ. ಇದನ್ನು ಬಲ್ಲ ಶಿಕ್ಷಕರು ಈ ಪ್ರಾರ್ಥನೆ ನಿಮ್ಮದೂ ಆಗಲಿ ಎನಿಸಿದವರು ಮಾತ್ರ ಕೊನೆಗೆ 'ಆಮೆನ್' ಎನ್ನಿ, ಉಳಿದವರು ಸುಮ್ಮನೆ ಕೂತಿರಿ ಎಂದು ಮೊದಲೇ ಹೇಳುತ್ತಾರೆ. ಮಸೀದಿಯಲ್ಲಿ ಆ ಮಗು 'ಆಮೀನ್' ಎನ್ನುತ್ತದೆ, ಪದ ಒಂದೇ. ಒಂದು ವಾಕ್ಯದ ಈ ಸೌಜನ್ಯ ಮಾಡಿದ ಕೆಲಸವನ್ನು ಹಲವು ಕಾಯ್ದೆಗಳು ಮಾಡಲಿಲ್ಲ ಎಂದೇ ನಮಗೆ ಅನಿಸುತ್ತದೆ.

ಹೊರಹೋಗುವ ಹಕ್ಕು ಕಾಗದದಲ್ಲಿ ಇಂದಿಗೂ ಇದೆ. ಹೊರಗೆ ಹೋದ ಮಗು ಏನು ಮಾಡುತ್ತದೆ? ಕಾರಿಡಾರಿನಲ್ಲೋ ಗ್ರಂಥಾಲಯದ ಮೂಲೆಯಲ್ಲೋ ಕೂರುತ್ತದೆ, ಒಳಗಿನ ಹಾಡು ಕೇಳಿಸುತ್ತಿರುತ್ತದೆ. ಗೆಳೆಯರು ಹೊರಬಂದು ನೀನೇಕೆ ಬರಲಿಲ್ಲ ಎನ್ನುತ್ತಾರೆ. ಬೆಲ್‌ಫಾಸ್ಟಿನ ಸರ್ಕಾರಿ ಪ್ರಾಥಮಿಕ ಶಾಲೆಯೊಂದರ ಪುಟ್ಟ ಹುಡುಗಿ ಮನೆಯಲ್ಲಿ ಊಟಕ್ಕೆ ಮೊದಲು ದೇವರಿಗೆ ವಂದಿಸತೊಡಗಿದಳು. ಹೆತ್ತವರು ಧಾರ್ಮಿಕರಲ್ಲ, ಅವರು ನ್ಯಾಯಾಲಯದ ಮೆಟ್ಟಿಲೇರಿದರು. 2025ರ ನವೆಂಬರಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್, ಹೊರಹೋಗುವ ಹಕ್ಕೊಂದೇ ಸಾಲದು, ಅದು ಪೋಷಕರ ಮೇಲೆ ಅನುಚಿತ ಹೊರೆ ಹೊರಿಸುತ್ತದೆ ಎಂದಿತು. ತೀರ್ಪು ಉತ್ತರ ಐರ್ಲೆಂಡಿನದು. ಇಂಗ್ಲೆಂಡಿನ ಚರ್ಚ್ ಶಾಲೆಗಳ ಕಾನೂನು ಇದ್ದಲ್ಲೇ ಇದೆ.

ಇದೇ ಪ್ರಶ್ನೆಯನ್ನು ನಮ್ಮ ಸಂವಿಧಾನ 1950ರಲ್ಲಿ ತಿರುಗಿಸಿ ನೋಡಿತ್ತು. ಬ್ರಿಟನ್ನಿನಲ್ಲಿ ಪೋಷಕರು ಬೇಡವೆನ್ನುವ ತನಕ ಮಗು ಆರಾಧನೆಯ ಒಳಗಿರುತ್ತದೆ. ನಮ್ಮ 28ನೇ ವಿಧಿಯ ಮೂರನೇ ಖಂಡದಂತೆ, ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಸಂಸ್ಥೆಯಲ್ಲಿ ಪೋಷಕರು ಒಪ್ಪಿಗೆ ಕೊಡುವ ತನಕ ಮಗುವನ್ನು ಪೂಜೆ ಪ್ರಾರ್ಥನೆಗೆ ಹಾಜರಾಗೆಂದು ಒತ್ತಾಯಿಸುವಂತಿಲ್ಲ. ಶಾಲೆ ಮಿಷನ್ನಿನದಿರಲಿ, ಮಠದ್ದಿರಲಿ, ನಮ್ಮ ಜಮಾಅತಿನದಿರಲಿ, ಮಾತು ಒಂದೇ. ಮಕ್ಕಳನ್ನು ಶಾಲೆಗೆ ಸೇರಿಸುವಾಗ ನಾವು ತುಂಬಿದ ಅರ್ಜಿಗಳಲ್ಲಿ ಜಾತಿಗೆ, ಧರ್ಮಕ್ಕೆ, ಮಾತೃಭಾಷೆಗೆ ಒಂದೊಂದು ಅಂಕಣವಿತ್ತು. ಆ ಒಪ್ಪಿಗೆಯನ್ನು ಕೇಳುವ ಅಂಕಣವನ್ನು ನಾವು ಇದುವರೆಗೆ ನೋಡಿಲ್ಲ.