ನಡುಗಡಲಿನ ಮೀನಿಗೂ ಲೆಕ್ಕ

ಪೆಸಿಫಿಕ್ ಸಾಗರದಲ್ಲಿ ಟ್ಯೂನಾ ಮೀನು ಹಿಡಿಯುವ ಅನೇಕ ಹಡಗುಗಳು ತಿಂಗಳುಗಟ್ಟಲೆ ದಡ ಸೇರುವುದಿಲ್ಲ. ಶೈತ್ಯಾಗಾರವುಳ್ಳ ಸಾಗಣೆ ಹಡಗು ಅವಿದ್ದಲ್ಲಿಗೇ ಹೋಗಿ ಮೀನು ತುಂಬಿಕೊಳ್ಳುತ್ತದೆ. ಹತ್ತಾರು ಹಡಗುಗಳ ಮೀನು ಒಂದೇ ಒಡಲು ಸೇರಿದ ಮೇಲೆ ಯಾವುದನ್ನು ಯಾರು, ಎಲ್ಲಿ ಹಿಡಿದರು ಎಂದು ತಿಳಿಯುವುದು ಹೇಗೆ?

ಸಮುದ್ರ ಎಲ್ಲರಿಗೂ ಮುಕ್ತ ಎಂದು ಡಚ್ ನ್ಯಾಯವೇತ್ತ ಹ್ಯೂಗೊ ಗ್ರೋಷಿಯಸ್ 1609ರಲ್ಲಿ ವಾದಿಸಿದ. ಆ ಸ್ವಾತಂತ್ರ್ಯಕ್ಕೆ ಹೊಣೆಯನ್ನೂ ಜೋಡಿಸಿದ್ದು 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ. ವಲಸೆ ಮೀನುಗಳ ರಕ್ಷಣೆಗೆ 1995ರಲ್ಲಿ ಇನ್ನೊಂದು ಒಪ್ಪಂದವಾಯಿತು. ಅದೇ ಜಾಡಿನಲ್ಲಿ 2004ರಲ್ಲಿ ಪಶ್ಚಿಮ ಮತ್ತು ಮಧ್ಯ ಪೆಸಿಫಿಕ್ ಮೀನುಗಾರಿಕಾ ಆಯೋಗ ಹುಟ್ಟಿತು.

ಆಯೋಗದ 2009ರ ನಿಯಮದಂತೆ, ಯಾವ ದೇಶಕ್ಕೂ ಸೇರದ ನಡುಗಡಲಿನಲ್ಲಿ ಮೀನು ವರ್ಗಾಯಿಸುವ 36 ಗಂಟೆ ಮೊದಲೇ ತಿಳಿಸಬೇಕು. ಮುಗಿದ 15 ದಿನಗಳೊಳಗೆ ಮೀನಿನ ಜಾತಿ, ಪ್ರಮಾಣ, ಸ್ಥಳಗಳ ವಿವರ ಸಲ್ಲಿಸಬೇಕು. ಮೀನು ಕೊಟ್ಟವರೂ ಪಡೆದವರೂ ಲೆಕ್ಕ ಒಪ್ಪಿಸಬೇಕು. ಎರಡನ್ನೂ ತಾಳೆ ನೋಡಿದರೆ ಸುಳ್ಳು ಬಯಲಾಗುತ್ತದೆ.

ಆದರೆ ನಡುಗಡಲಿನ ವರ್ಗಾವಣೆಯಿಲ್ಲದೆ ಕೆಲಸ ಸಾಗದೆಂದು ಹಡಗಿನ ಬಾವುಟದ ದೇಶವೇ ತೀರ್ಮಾನಿಸಬಹುದು. ಹೀಗಾಗಿ ವಿನಾಯಿತಿಯೇ ರೂಢಿಯಾಗಿದೆ. 2022ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಮಾರ್ಗಸೂಚಿ ಹೊರಡಿಸಿದರೂ ಅದರ ಪಾಲನೆ ಐಚ್ಛಿಕ. ಟ್ಯೂನಾವನ್ನೇ ನಂಬಿರುವ ಕಿರಿಬಾಟಿಯಂಥ ಪುಟ್ಟ ದ್ವೀಪರಾಷ್ಟ್ರಗಳಿಗೆ ಇದು ಬರೀ ಕಾಗದದ ಮಾತಲ್ಲ. ಲೆಕ್ಕ ತಪ್ಪಿದರೆ ಕಡಲಿನಲ್ಲಿ ಉಳಿದ ಮೀನೆಷ್ಟು ಎಂಬ ಅಂದಾಜೂ ತಪ್ಪುತ್ತದೆ.